ಸೊಟ್ಟ ಚರ್ಚು, ಎಲ್ಲಿಗೂ ಹೋಗದ ಮೆಟ್ಟಿಲು

ಪ್ರಶ್ನೆ: ನಾವು ಎರಡು ವರ್ಷದಿಂದ ಇಂಗ್ಲೆಂಡಿನ ಸಫೋಕ್ ಕಡೆ ಇದ್ದೇವೆ. ಪಕ್ಕದ ಹಳ್ಳಿಯಲ್ಲಿ ಮನೆ ಕೊಳ್ಳುವ ಯೋಚನೆ ಇದೆ. ಮನೆ ನೋಡಲು ಹೋದಾಗಲೆಲ್ಲ ಅಲ್ಲಿನ ಹಳೇ ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇವೆ. ಅದರಲ್ಲಿ ಕೆಲವು ಅರ್ಥವಾಗಲಿಲ್ಲ. ಒಂದೊಂದು ಕಿಟಕಿ ಒಂದೊಂದು ಥರ ಇದೆ. ಬಲಿಪೀಠ ಇರುವ ಭಾಗ ಉಳಿದ ಕಟ್ಟಡದ ನೇರಕ್ಕಿಲ್ಲ, ಎಡಕ್ಕೆ ಸರಿದಿದೆ. ಶಿಲುಬೆಯ ಮೇಲೆ ಯೇಸುವಿನ ತಲೆ ವಾಲಿದ್ದರ ಗುರುತು ಅದು ಎಂದು ಅಲ್ಲಿದ್ದ ಹಿರಿಯರೊಬ್ಬರು ಹೇಳಿದರು. ನಿಜವೇ? ಇನ್ನು, ಗೋಡೆಯೊಳಗೆ ಒಂದು ಇಕ್ಕಟ್ಟಾದ ಮೆಟ್ಟಿಲಿದೆ. ಅದು ಮೇಲೆ ಹೋಗಿ ಬರೀ ಗಾಳಿಗೆ ತೆರೆದುಕೊಳ್ಳುತ್ತದೆ! ಕೊನೆಗೆ, ಇಂಥ ಚರ್ಚನ್ನು ಯಾವ ಶತಮಾನದ್ದು ಎನ್ನಬೇಕು?

ಉತ್ತರ: ಕೊನೆಯದರಿಂದಲೇ ಶುರು ಮಾಡೋಣ. ಊರಲ್ಲಿರುವ ನಿಮ್ಮ ಹಳೇ ಮನೆ ಯಾವ ವರ್ಷದ್ದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಮುತ್ತಾತ ಪಡಸಾಲೆ ಕಟ್ಟಿಸಿದರು. ಅಡಿಕೆಗೆ ಒಳ್ಳೇ ರೇಟು ಬಂದ ವರ್ಷ ತಾತ ಮಹಡಿ ಎಬ್ಬಿಸಿದರು. ಚಿಕ್ಕಪ್ಪ ಪಾಲಾದಾಗ ನಡುವೆ ಗೋಡೆ ಬಂತು. ಅಪ್ಪ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಿದರು. ಇಂಗ್ಲೆಂಡಿನ ಹಳ್ಳಿ ಚರ್ಚೂ ಹೀಗೇ. ಯಾರೂ ನಕ್ಷೆ ಬರೆದು ಒಂದೇ ಸಲ ಕಟ್ಟಿದ್ದಲ್ಲ. ನಾಲ್ಕೈದು ನೂರು ವರ್ಷಗಳ ಕಾಲ, ಊರಲ್ಲಿ ಕಾಸು ಓಡಾಡಿದಾಗಲೆಲ್ಲ ಒಂದಿಷ್ಟು ಒಡೆದು ಒಂದಿಷ್ಟು ಕಟ್ಟಿದ್ದು. ಹಾಗಾಗಿ ಇದು ಯಾವ ಕಾಲದ್ದು ಎನ್ನುವ ಬದಲು, ಈ ಗೋಡೆಗೆ ದುಡ್ಡು ಕೊಟ್ಟವರು ಯಾರು ಎಂದು ಕೇಳಿ ನೋಡಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಯಾಕೆಂದರೆ ಒಂದೇ ಸೂರಿನ ಕೆಳಗೆ ಇಬ್ಬರ ಜವಾಬ್ದಾರಿ ಇತ್ತು. ಪಶ್ಚಿಮದ ಬಾಗಿಲಿನಿಂದ ಮುಂದಕ್ಕೆ ಚಾಚಿರುವ ದೊಡ್ಡ ಹಜಾರಕ್ಕೆ ನೇವ್ ಎನ್ನುತ್ತಾರೆ. ಅದರಾಚೆ ಪೂರ್ವಕ್ಕೆ, ಕಮಾನು ದಾಟಿದ ಮೇಲೆ ಸಿಗುವ ಚಿಕ್ಕ ಭಾಗ ಚಾನ್ಸಲ್. ಬಲಿಪೀಠ ಇರುವುದು ಅಲ್ಲಿ. ಗರ್ಭಗುಡಿಯಂತೆ ಅದು ಪಾದ್ರಿಯ ಜಾಗ, ನೇವ್ ಜನರ ಜಾಗ. 13ನೇ ಶತಮಾನದ ಹೊತ್ತಿಗೆ ಒಂದು ರೂಢಿ ಗಟ್ಟಿಯಾಗಿತ್ತು. ಚಾನ್ಸಲ್ ರಿಪೇರಿ ರೆಕ್ಟರನ ತಲೆಗೆ, ನೇವ್ ರಿಪೇರಿ ಊರಿನವರ ತಲೆಗೆ. ರೆಕ್ಟರ್ ಎಂದರೆ ಊರಿನ ಬೆಳೆಯಲ್ಲಿ ಹತ್ತರಲ್ಲೊಂದು ಪಾಲು ಪಡೆಯುವ ಹಕ್ಕು ಇರುವವನು. ಎಷ್ಟೋ ಊರುಗಳಲ್ಲಿ ಈ ಹಕ್ಕು ದೂರದ ಯಾವುದೋ ಮಠದ ಕೈಗೆ ಹೋಗಿತ್ತು. ಮಠದವರು ಪಾಲನ್ನು ತಾವು ಇಟ್ಟುಕೊಂಡು, ಪೂಜೆಗೆ ಕಡಿಮೆ ಸಂಬಳದ ಒಬ್ಬ ಪಾದ್ರಿಯನ್ನು ಇಡುತ್ತಿದ್ದರು. ಅಂಥವರು ಚಾನ್ಸಲ್ಲಿಗೆ ಎಷ್ಟು ಖರ್ಚು ಮಾಡಿಯಾರು? ಸೋರದಿದ್ದರೆ ಸಾಕು, ಅಷ್ಟೇ.

ಸಫೋಕಿನಲ್ಲಿ ಸುತ್ತಾಡುವಾಗ ಇದನ್ನು ಗಮನಿಸಿ. ನೇವ್ ಎತ್ತರಕ್ಕೆ ಎದ್ದಿರುತ್ತದೆ, ಮೇಲೆ ಸಾಲು ಕಿಟಕಿ, ಮರಗೆಲಸದ ಚಾವಣಿ. ಅದರ ಹಿಂದೆ ಕುಳ್ಳಗೆ, ಬಡವಾಗಿ ಚಾನ್ಸಲ್ ಮುದುರಿಕೊಂಡಿರುತ್ತದೆ. ಊರಿಗೆ ದುಡ್ಡು ಬಂದಿತ್ತು, ರೆಕ್ಟರಿಗೆ ಮನಸ್ಸು ಬರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಎಲ್ಲ ಸಲವೂ ಇದೇ ಕಾರಣ ಅಂತಲ್ಲ, ಆದರೆ ಜಾಸ್ತಿ ಸಲ ಇದೇ.

ಈಗ ಸೊಟ್ಟಕ್ಕೆ ಬರೋಣ. ಯೇಸುವಿನ ತಲೆಯ ಕಥೆ ಇಂಗ್ಲೆಂಡಿನಲ್ಲಿ ತುಂಬಾ ಓಡಾಡುತ್ತದೆ. ಕೇಳಲು ಚೆನ್ನಾಗಿಯೂ ಇದೆ. ಆದರೆ ನಾನು ಒಪ್ಪುವುದಿಲ್ಲ. ಹಳೇ ಚಿತ್ರಗಳಲ್ಲಿ ಯೇಸುವಿನ ತಲೆ ಸಾಮಾನ್ಯವಾಗಿ ಅವನ ಬಲ ಭುಜದ ಕಡೆ ವಾಲಿರುತ್ತದೆ. ಪೂರ್ವಕ್ಕೆ ಮುಖ ಮಾಡಿ ನಿಂತವರಿಗೆ ಅದು ಎಡ. ನಿಮ್ಮ ಚರ್ಚಿಗೆ ಲೆಕ್ಕ ಸರಿಹೋಯಿತು. ಆದರೆ ಬಲಕ್ಕೆ ವಾಲಿದ ಚಾನ್ಸಲ್‌ಗಳೂ ಇವೆ. ಅವುಗಳಿಗೆ ಏನು ಹೇಳುವುದು?

ನಿಜವಾದ ಕಾರಣ ಯಾವ ಮೇಸ್ತ್ರಿಗಾದರೂ ಗೊತ್ತು. ಹಳೇ ಚಾನ್ಸಲ್ ಚಿಕ್ಕದಾಯಿತು, ದೊಡ್ಡದು ಕಟ್ಟಬೇಕು. ಆದರೆ ಪೂಜೆ ನಿಲ್ಲಿಸುವಂತಿಲ್ಲ. ಹಾಗಾಗಿ ಹಳೆಯದನ್ನು ನಿಲ್ಲಿಸಿಕೊಂಡೇ ಅದರ ಸುತ್ತ, ಹೊರಗಡೆಯಿಂದ, ಹೊಸ ಪಾಯ ತೋಡುತ್ತಾರೆ. ನೇವಿನ ನಡುಗೆರೆಯಿಂದ ನೇರ ದಾರ ಹಿಡಿಯೋಣ ಎಂದರೆ ಮಧ್ಯೆ ಹಳೇ ಗೋಡೆ ಅಡ್ಡ. ಜೊತೆಗೆ ಹಳೇ ನೇವಿನ ಮೂಲೆಗಳೇ ಮಟ್ಟಕ್ಕಿರುವುದಿಲ್ಲ. ಅದರ ಗೋಡೆಯನ್ನು ನಂಬಿ ಅಳತೆ ತೆಗೆದರೆ ಆ ತಪ್ಪು ಮುಂದಕ್ಕೂ ಹೋಗುತ್ತದೆ. ಎಲ್ಲ ಮುಗಿದು, ಒಳಗಿನ ಹಳೇ ಗೋಡೆ ಕೆಡವಿದ ದಿನ ಸೊಟ್ಟ ಕಣ್ಣಿಗೆ ಬೀಳುತ್ತದೆ. ಆಗ ಯಾರೇನು ಮಾಡಲಿಕ್ಕಾಗುತ್ತದೆ? ನಿಮ್ಮ ಹಿರಿಯರಿಗೆ ಇದನ್ನೆಲ್ಲ ಹೇಳಿ ಬೇಜಾರು ಮಾಡಬೇಡಿ. ಅವರು ಆ ಚರ್ಚಿನ ಬಾಗಿಲು ತೆಗೆದಿಡುವುದರಿಂದಲೇ ನೀವು ಒಳಗೆ ಕೂತು ಬರುತ್ತಿರುವುದು.

ನೇವ್ ಬೆಳೆದ ಬಗೆ ಇನ್ನೂ ಸ್ವಾರಸ್ಯ. ಮೊದಲು ಅದು ಒಂದೇ ಕೋಣೆ. ಎರಡು ಉದ್ದ ಗೋಡೆ, ಮೇಲೊಂದು ಕಡಿದಾದ ಚಾವಣಿ. ಜನ ಹೆಚ್ಚಾದಾಗ, ಇಲ್ಲವೇ ಇನ್ನೊಂದು ಬಲಿಪೀಠಕ್ಕೆ ಜಾಗ ಬೇಕಾದಾಗ, ಪಕ್ಕಕ್ಕೆ ಒಂದು ಅಂಕಣ ಸೇರಿಸುತ್ತಿದ್ದರು. ಅದೇ ಐಲ್. ಅದಕ್ಕಾಗಿ ನೇವಿನ ಗೋಡೆಯನ್ನು ಪೂರ್ತಿ ಕೆಡವಬೇಕಿರಲಿಲ್ಲ. ಅಲ್ಲಲ್ಲಿ ಆನಿಕೆ ಕೊಟ್ಟು, ಗೋಡೆಯಲ್ಲಿ ತೂತು ಹೊಡೆದು, ಕಂಬ ನಿಲ್ಲಿಸಿ, ಕಮಾನು ಕೂರಿಸಿ, ಉಳಿದ ಗೋಡೆಯನ್ನು ಕೆಳಗಿನಿಂದ ತೆಗೆಯುತ್ತಿದ್ದರು. ಆದ್ದರಿಂದ ಕಮಾನುಗಳ ಸಾಲು 13ನೇ ಶತಮಾನದ್ದಾದರೂ ಅದರ ನೆತ್ತಿಯ ಮೇಲಿನ ಗೋಡೆ ಅದಕ್ಕಿಂತ ನೂರು, ಇನ್ನೂರು ವರ್ಷ ಹಳೆಯದಿರಬಹುದು. ಕಮಾನುಗಳ ಮೇಲೆ ಮುಚ್ಚಿದ ಪುಟ್ಟ ಕಿಟಕಿಯ ಗುರುತು ಕಂಡರೆ ಖಂಡಿತ ಹಾಗೇ. ಮೇಲಿರುವುದು ಹಳೆಯದು, ಕೆಳಗಿರುವುದು ಹೊಸದು!

ಐಲ್ ಬಂದ ಮೇಲೆ ನೇವಿನೊಳಗೆ ಕತ್ತಲಾಯಿತು. ಅದಕ್ಕೆ ಗೋಡೆಯನ್ನು ಇನ್ನೂ ಮೇಲಕ್ಕೆಬ್ಬಿಸಿ ಕಿಟಕಿ ಸಾಲು ಇಟ್ಟರು. ಇದಕ್ಕೆ ಕ್ಲಿಯರ್‌ಸ್ಟರಿ ಎಂದು ಹೆಸರು. ಹಳೇ ಕಡಿದಾದ ಚಾವಣಿ ಹೋಗಿ, ಸೀಸದ ತಗಡು ಹೊದಿಸಿದ ತಗ್ಗು ಇಳಿಜಾರಿನ ಚಾವಣಿ ಬಂತು. ನೇವಿನ ಪಶ್ಚಿಮಕ್ಕೆ ಗೋಪುರ ಇದ್ದರೆ, ಅದರ ಪೂರ್ವದ ಮೈ ನೋಡಿ. ಕೆಲವೊಮ್ಮೆ ತಲೆಕೆಳಗಾದ ವಿ ಆಕಾರದ ಒಂದು ಗೆರೆ ಕಾಣುತ್ತದೆ. ಹಳೇ ಚಾವಣಿ ಅಲ್ಲಿಗೆ ಅಂಟಿಕೊಂಡಿತ್ತು.

ಕಿಟಕಿಗಳ ವಿಷಯ. ಗುಂಡು ಕಮಾನು, ಗೇಣು ಅಗಲದ ಕಿಂಡಿ, ದಪ್ಪ ಗೋಡೆ ಇದ್ದರೆ 12ನೇ ಶತಮಾನ ಅಥವಾ ಅದಕ್ಕೂ ಹಿಂದೆ. ಉದ್ದಕ್ಕೆ, ಈಟಿಯ ಮೊನೆಯಂತೆ ಚೂಪಾಗಿ ಒಂಟಿ ಕಿಟಕಿ ಇದ್ದರೆ ಸುಮಾರು 1200ರ ಆಚೀಚೆ. ಇದು ಲ್ಯಾನ್ಸೆಟ್. ಆಮೇಲೆ ಎರಡು ಮೂರು ಲ್ಯಾನ್ಸೆಟ್‌ಗಳನ್ನು ಒಂದೇ ಕಮಾನಿನ ಕೆಳಗೆ ಸೇರಿಸಿ, ನಡುವಿನ ಜಾಗದಲ್ಲಿ ಕಲ್ಲಿನ ಜಾಲಿ ಕಟ್ಟತೊಡಗಿದರು. 14ನೇ ಶತಮಾನದ ಮೊದಲರ್ಧದಲ್ಲಿ ಆ ಜಾಲಿ ಬಳ್ಳಿಯಂತೆ, ದೀಪದ ಕುಡಿಯಂತೆ ಬಳುಕಿತು. ಆಮೇಲೆ 1348–49ರ ದೊಡ್ಡ ಪ್ಲೇಗು. ಕಲ್ಲು ಕೆಲಸದವರೂ ಸತ್ತರು, ಕೆಲಸ ಕೊಡುವವರೂ ಸತ್ತರು. ಅಲ್ಲಿಂದ ಮುಂದಿನ ಕಿಟಕಿಗಳಲ್ಲಿ ಬಳುಕು ಕಡಿಮೆ, ನೆಟ್ಟಗಿನ ಗೆರೆ ಜಾಸ್ತಿ. ಕಲ್ಲಿನ ಸರಳುಗಳು ಕೆಳಗಿನಿಂದ ಹೊರಟು ಸೀದಾ ಕಮಾನಿಗೆ ಹೋಗಿ ಮುಟ್ಟುತ್ತವೆ. ಇದು ಪರ್ಪೆಂಡಿಕ್ಯುಲರ್ ಶೈಲಿ. ಪ್ಲೇಗಿನಿಂದಲೇ ಈ ಶೈಲಿ ಹುಟ್ಟಿತು ಎನ್ನುವವರಿದ್ದಾರೆ. ಪ್ಲೇಗಿಗೆ ಮೊದಲೇ ಗ್ಲಾಸ್ಟರ್‌ನ ದೊಡ್ಡ ಚರ್ಚಿನಲ್ಲಿ ಅದು ಶುರುವಾಗಿತ್ತು ಎನ್ನುವುದು ನೆನಪಿರಲಿ.

ಈ ಶೈಲಿಗಳ ಹೆಸರು ಕಟ್ಟಿದವರು ಇಟ್ಟದ್ದಲ್ಲ. ಥಾಮಸ್ ರಿಕ್‌ಮನ್ ಎಂಬವನು 1817ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ ಅವು ನೆಲೆಯಾದವು. ಲಿವರ್‌ಪೂಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಮನುಷ್ಯ ಅವನು. ಬಿಡುವಿನಲ್ಲಿ ಚರ್ಚು ಸುತ್ತಿ ಸುತ್ತಿ ಕಲಿತವನು, ನಿಮ್ಮ ಹಾಗೆಯೇ. ಅವನ ಒಂದು ತರ್ಕ ನನಗೆ ತುಂಬಾ ಇಷ್ಟ. ಲಿಂಕನ್‌ಶೈರಿನ ಬಾರ್ಟನ್ ಅಪಾನ್ ಹಂಬರ್ ಎಂಬ ಊರಿನ ಗೋಪುರದ ತುದಿಯ ಅಂತಸ್ತು ನೋಡಿದರೆ ಹಳೇ ನಾರ್ಮನ್ ಕೆಲಸ, ಅಂದರೆ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡ್ ಗೆದ್ದವರ ಕಾಲದ್ದು. ಅದರ ಕೆಳಗಿನದು ಬೇರೆಯೇ ಬಗೆ. ಮೇಲಿನದೇ ಅಷ್ಟು ಹಳೆಯದಾದರೆ, ಅದನ್ನು ಹೊತ್ತು ನಿಂತಿರುವ ಕೆಳಗಿನದು ನಾರ್ಮನ್ನರು ಬರುವುದಕ್ಕೂ ಮೊದಲಿನದೇ ಇರಬೇಕು, ಅಲ್ವಾ? ಇಷ್ಟು ಸರಳ. ನಾರ್ಮನ್ನರಿಗೆ ಮೊದಲು ಅಲ್ಲಿದ್ದ ಆಂಗ್ಲೋ ಸ್ಯಾಕ್ಸನ್ ಜನರ ಕಟ್ಟಡಗಳನ್ನು ಗುರುತು ಹಿಡಿಯುವುದಕ್ಕೆ ದಾರಿ ತೆರೆದದ್ದು ಇಂಥ ಯೋಚನೆಯೇ.

ಆದರೆ ಎರಡು ಎಚ್ಚರಿಕೆ. ಕಿಟಕಿಯ ವಯಸ್ಸು ಗೋಡೆಯ ವಯಸ್ಸಲ್ಲ. ಹಳೇ ಗೋಡೆಯನ್ನು ಅಗೆದು ಹೊಸ ಕಿಟಕಿ ಕೂರಿಸುವುದು ಆಗ ಮಾಮೂಲಿ. ಎರಡನೆಯದು, 19ನೇ ಶತಮಾನದ ರಿಪೇರಿ. ಆ ಕಾಲದವರಿಗೆ 14ನೇ ಶತಮಾನದ ಶೈಲಿಯೇ ಶ್ರೇಷ್ಠ ಎನ್ನುವ ಹುಚ್ಚು ಹಿಡಿದಿತ್ತು. ನಿಜವಾದ ಹಳೇ ಕಿಟಕಿ ಕಿತ್ತು, ಹಳೆಯದರಂತೆ ಕಾಣುವ ಹೊಸದನ್ನು ಇಟ್ಟುಬಿಟ್ಟರು. ನಾನೂ ಒಮ್ಮೆ ಒಂದು ಚಂದದ ಲ್ಯಾನ್ಸೆಟ್ ತೋರಿಸಿ ಜೊತೆಯಲ್ಲಿದ್ದವರಿಗೆ ಹತ್ತು ನಿಮಿಷ ಭಾಷಣ ಬಿಗಿದಿದ್ದೆ. ಹೊರಗೆ ಬಂದು ನೋಡಿದರೆ ಕಲ್ಲಿನ ಅಂಚು ಚಾಕುವಿನಂತೆ ಚೂಪು, ಉಳಿಯ ಗೆರೆ ಒಂದೇ ಸಮ. ಎಂಟುನೂರು ವರ್ಷ ಮಳೆ ಕುಡಿದ ಕಲ್ಲು ಹಾಗಿರುವುದಿಲ್ಲ. ಸುಮ್ನೆ ಕಾರಿನ ಕಡೆ ನಡೆದೆ.

ದುಡ್ಡು ಎಲ್ಲಿಂದ ಬಂತು ಎನ್ನುವುದಕ್ಕೆ ನಿಮ್ಮ ಸಫೋಕಿಗಿಂತ ಒಳ್ಳೇ ಜಾಗ ಸಿಗದು. 15ನೇ ಶತಮಾನದಲ್ಲಿ ಅಲ್ಲಿ ಉಣ್ಣೆ ಬಟ್ಟೆಯ ವ್ಯಾಪಾರ ಜೋರು. ಲ್ಯಾವೆನಮ್ ಊರಿನ ಗೋಪುರ 141 ಅಡಿ. ಅದರ ಮೇಲೆ ಬಟ್ಟೆ ವ್ಯಾಪಾರಿ ಸ್ಪ್ರಿಂಗ್ ಮನೆತನದ ಗುರುತೂ ಇದೆ, ಆಕ್ಸ್‌ಫರ್ಡಿನ ಅರ್ಲ್‌ನ ಲಾಂಛನವಾದ ನಕ್ಷತ್ರವೂ ಇದೆ. ಸಾಹುಕಾರ, ಜಹಗೀರುದಾರ ಇಬ್ಬರೂ ಒಂದೇ ಗೋಡೆಗೆ ಹೆಸರು ಹಾಕಿಸಿಕೊಂಡಿದ್ದಾರೆ. ಲಾಂಗ್ ಮೆಲ್ಫರ್ಡಿನಲ್ಲಂತೂ ಯಾರು ಯಾರು ಕೊಟ್ಟರು, ಯಾರ ಆತ್ಮಕ್ಕೆ ಪ್ರಾರ್ಥಿಸಬೇಕು ಎಂದು ಹೊರಗೋಡೆಯ ಉದ್ದಕ್ಕೂ ಬರೆಸಿದ್ದಾರೆ. ಆ ಸೀಮೆಯಲ್ಲಿ ಕೆತ್ತುವಂಥ ಒಳ್ಳೇ ಕಲ್ಲಿಲ್ಲ. ಸಿಗುವುದು ಫ್ಲಿಂಟ್ ಎಂಬ ಗಾಜಿನಂಥ ಗಟ್ಟಿ ಗುಂಡುಕಲ್ಲು. ಅದನ್ನು ಒಡೆದು ಕಪ್ಪು ಮೈಯನ್ನು ಹೊರಗೆ ಮಾಡಿ, ದೂರದಿಂದ ತರಿಸಿದ ಬಿಳಿ ಕಲ್ಲಿನ ಚೌಕಟ್ಟಿನೊಳಗೆ ಕೂರಿಸಿದರೆ ಇಂಥ ಕುಸುರಿ ಆಗುತ್ತದೆ. ಬಡತನದಿಂದ ಹುಟ್ಟಿದ ಅಲಂಕಾರ, ಆದರೆ ಸಾಹುಕಾರರ ಖರ್ಚಿನಲ್ಲಿ.

ಕರಾವಳಿಯ ವಾಲ್ಬರ್ಸ್‌ವಿಕ್‌ಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಗೋಪುರ ಕಟ್ಟಲು ಊರಿನವರು 1426ರಲ್ಲಿ ಇಬ್ಬರು ಕಲ್ಲು ಕೆಲಸದವರ ಜೊತೆ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಅವರ ಹೆಸರು ರಿಚರ್ಡ್ ರಸೆಲ್ ಮತ್ತು ಆ್ಯಡಮ್ ಪೌಲ್. ಒಂದು ಗಜ ಎತ್ತರ ಎದ್ದರೆ 40 ಶಿಲಿಂಗ್. ಜೊತೆಗೆ ವರ್ಷಕ್ಕೊಂದು ಪೀಪಾಯಿ ಹೆರಿಂಗ್ ಮೀನು, ಒಂದೊಂದು ನಿಲುವಂಗಿ. ಕಲ್ಲು, ಸುಣ್ಣ, ಮರಳು, ನೀರು ಎಲ್ಲ ಊರಿನವರದು. ಗೋಡೆ ಹೇಗಿರಬೇಕು ಎಂದು ಚಿತ್ರ ಬರೆದು ತೋರಿಸುವ ಗೋಜಿಲ್ಲ. ಗೋಡೆ ಟನ್‌ಸ್ಟಲ್ ಊರಿನ ಗೋಪುರದಂತೆ ಇರಲಿ, ಪಶ್ಚಿಮದ ಬಾಗಿಲು ಹೇಲ್ಸ್‌ವರ್ತ್‌ನದರಷ್ಟು ಚೆನ್ನಾಗಿರಲಿ ಎಂದು ಬರೆದಿದ್ದಾರೆ! ಪಕ್ಕದ ಊರಿನವರಿಗಿಂತ ನಾವೇನು ಕಮ್ಮಿ ಎನ್ನುವ ಹಟ ಅಲ್ಲಿ ಚೆನ್ನಾಗಿ ಕಾಣುತ್ತದೆ. ಕೆಲಸದ ಕಾಲ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಮಾತ್ರ. ಸುಣ್ಣದ ಗಾರೆ ನಿಧಾನಕ್ಕೆ ಗಟ್ಟಿಯಾಗುತ್ತದೆ, ಚಳಿಗಾಲದ ಹಿಮ ಬಿದ್ದರೆ ಹಾಳಾಗುತ್ತದೆ. ಹಾಗಾಗಿ ಗೋಪುರ ಎಂದರೆ ವರ್ಷಕ್ಕೆ ಸುಮಾರು ಹತ್ತು ಅಡಿ. ನಿಮ್ಮ ಚರ್ಚಿನ ಗೋಪುರದ ಫ್ಲಿಂಟ್ ಮೈಯಲ್ಲಿ ಅಡ್ಡಕ್ಕೆ ಪಟ್ಟಿಯಂತೆ ಬಣ್ಣ ಬದಲಾಗಿದ್ದರೆ, ಅದು ಒಂದೊಂದು ಬೇಸಿಗೆಯ ಕೆಲಸ ಆಗಿರಬಹುದು.

ಅದೇ ಚರ್ಚಿನ ಮುಂದಿನ ಕಥೆಯೂ ಕೇಳಿ. ಆ ಗೋಪುರದ ಪಕ್ಕಕ್ಕೆ ಭಾರಿ ಚರ್ಚನ್ನೇ ಕಟ್ಟಿಸಿದರು. ಆಮೇಲೆ ಬಂದರು ಸೊರಗಿತು, ಮೀನಿನ ದುಡ್ಡು ನಿಂತಿತು. 1695ರಲ್ಲಿ ಊರಿನವರು ಅನುಮತಿ ಕೇಳಿ ಚರ್ಚಿನ ಬಹುಪಾಲನ್ನು ತಾವೇ ಬಿಚ್ಚಿದರು. ಸೀಸ, ಗಂಟೆ ಮಾರಿ, ಆ ಹಣದಲ್ಲಿ ಐಲ್‌ನ ಒಂದು ಮೂಲೆಯಲ್ಲಿ ಚಿಕ್ಕ ಚರ್ಚು ಮಾಡಿಕೊಂಡರು. ಈಗ ಹೋದರೆ ಸೂರಿಲ್ಲದ ದೊಡ್ಡ ಗೋಡೆಗಳ ನಡುವೆ ಪುಟ್ಟ ಚರ್ಚು ಕಾಣುತ್ತದೆ. ಹೆಚ್ಚಾಗಿ ನೋಡುವುದು ಬೆಳೆದ ಚರ್ಚನ್ನು. ಇಲ್ಲಿ ಕುಗ್ಗಿದ ಚರ್ಚನ್ನು ನೋಡಬಹುದು.

ಇನ್ನು ಮೆಟ್ಟಿಲು. ನೇವ್ ಮತ್ತು ಚಾನ್ಸಲ್ ನಡುವೆ ಮರದ ಒಂದು ಅಡ್ಡತಟ್ಟಿ ಇರುತ್ತಿತ್ತು, ಕೆತ್ತನೆ ಮಾಡಿ ಬಣ್ಣ ಬಳಿದದ್ದು. ಅದರ ಮೇಲೊಂದು ಅಟ್ಟ. ಅಟ್ಟದ ಮೇಲೆ ಶಿಲುಬೆ, ಅದರ ಎರಡೂ ಬದಿ ಯೇಸುವಿನ ತಾಯಿ ಮೇರಿ ಮತ್ತು ಶಿಷ್ಯ ಜಾನ್ ವಿಗ್ರಹ. ಈ ಶಿಲುಬೆಗೆ ರೂಡ್ ಎನ್ನುತ್ತಿದ್ದರು. ಅಲ್ಲಿ ಮೇಣದ ಬತ್ತಿ ಹಚ್ಚುವುದಕ್ಕೆ, ಹಬ್ಬದಲ್ಲಿ ಶಿಲುಬೆಗೆ ಬಟ್ಟೆ ಮುಚ್ಚಿ ತೆಗೆಯುವುದಕ್ಕೆ ಮೇಲೆ ಹತ್ತಬೇಕಿತ್ತು. ಅದಕ್ಕೇ ಗೋಡೆಯೊಳಗಿನ ಆ ಮೆಟ್ಟಿಲು. 1540ರ ದಶಕದ ಕೊನೆಗೆ, ವಿಗ್ರಹ ಒಪ್ಪದ ಪ್ರಾಟೆಸ್ಟೆಂಟ್ ದೊರೆ ಆರನೇ ಎಡ್ವರ್ಡ್ ಕಾಲದಲ್ಲಿ, ವಿಗ್ರಹಗಳನ್ನು ತೆಗೆಸಿದರು. ಕ್ಯಾಥೊಲಿಕ್ ಆಗಿದ್ದ ಮೇರಿ ರಾಣಿ ಬಂದಾಗ ಮತ್ತೆ ಇಡಿಸಿದರು. ಎಲಿಜಬೆತ್ ಕಾಲದಲ್ಲಿ, 1561ರಲ್ಲಿ, ಅಟ್ಟ ಇಳಿಸಿ, ಕೆಳಗಿನ ತಟ್ಟಿ ಮಾತ್ರ ಇರಲಿ ಎಂದು ಆಜ್ಞೆ ಆಯಿತು. ಇಪ್ಪತ್ತು ವರ್ಷದೊಳಗೆ ತೆಗೆ, ಹಾಕು, ತೆಗೆ. ಅಷ್ಟಕ್ಕೂ ಖರ್ಚು ಊರಿನವರದೇ. ಮರವನ್ನೇನೋ ಇಳಿಸಿದರು, ಗೋಡೆಯೊಳಗಿನ ಮೆಟ್ಟಿಲನ್ನು ತೆಗೆಯುವುದು ಯಾರಿಗೆ ಬೇಕಿತ್ತು? ಅಲ್ಲೇ ಉಳಿಯಿತು.

ಈ ಶಿಲುಬೆಯ ಜಾಗ ಹೇಗಿತ್ತು ಎಂದು ಕಣ್ಣಾರೆ ನೋಡಬೇಕಾದರೆ ವಾಲ್ಬರ್ಸ್‌ವಿಕ್‌ನಿಂದ ತುಂಬಾ ದೂರವೇನಲ್ಲ, ವೆನ್‌ಹ್ಯಾಸ್ಟನ್‌ಗೆ ಹೋಗಿ. ಅಲ್ಲಿ ಚಾನ್ಸಲ್ ಕಮಾನಿನ ಮೇಲ್ಭಾಗವನ್ನು ಹಲಗೆಗಳಿಂದ ಮುಚ್ಚಿ, ಅದರ ಮೇಲೆ ಕೊನೆಯ ತೀರ್ಪಿನ ಚಿತ್ರ ಬರೆದಿದ್ದರು. ಒಂದು ಕಡೆ ಸ್ವರ್ಗ, ಇನ್ನೊಂದು ಕಡೆ ನರಕದ ಬಾಯಿ. ಮುಂದೆ ಅದಕ್ಕೆ ಸುಣ್ಣ ಬಳಿದರು, ಎಲ್ಲರೂ ಮರೆತರು. 1892ರಲ್ಲಿ ರಿಪೇರಿ ಮಾಡುವಾಗ ಹಲಗೆಗಳನ್ನು ಕಿತ್ತು ಹೊರಗೆ ಸಮಾಧಿಗಳ ಅಂಗಳದಲ್ಲಿ ಹಾಕಿದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ಸುಣ್ಣ ತೊಳೆದುಹೋಗಿ ಮುಖಗಳು ಕಾಣುತ್ತಿದ್ದವು. ಆ ಚಿತ್ರದ ನಡುವೆ ಈಗಲೂ ಬಣ್ಣವಿಲ್ಲದ ಖಾಲಿ ಆಕಾರಗಳಿವೆ. ಒಂದು ಶಿಲುಬೆ, ಅದರ ಪಕ್ಕದಲ್ಲಿ ಇಬ್ಬರು. ವಿಗ್ರಹಗಳು ನಿಂತಿದ್ದ ಜಾಗಕ್ಕೆ ಚಿತ್ರಗಾರ ಬಣ್ಣ ಹಾಕಿರಲಿಲ್ಲ. ವಿಗ್ರಹ ಹೋಯಿತು, ಅದರ ನೆರಳಿನಂತೆ ಖಾಲಿ ಜಾಗ ಉಳಿಯಿತು. ನಿಮ್ಮ ಮೆಟ್ಟಿಲು ಹತ್ತಿ ತಲುಪುತ್ತಿದ್ದದ್ದು ಇಂಥದ್ದರ ಎದುರಿಗೆ.

ಐಲ್‌ನ ದಕ್ಷಿಣ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಬಟ್ಟಲಿನಂಥ ತಳ ಮತ್ತು ನೀರು ಹೋಗುವ ತೂತು ಇರುವ ಗೂಡು ಸಿಗುತ್ತದೋ ನೋಡಿ. ಅದು ಪಿಸಿನಾ, ಪೂಜೆಯ ಪಾತ್ರೆ ತೊಳೆದ ನೀರು ಬಿಡುವ ಜಾಗ. ಅದು ಇದ್ದರೆ ಪಕ್ಕದಲ್ಲಿ ಒಂದು ಬಲಿಪೀಠ ಇತ್ತು ಎಂದೇ ಅರ್ಥ, ಈಗ ಅಲ್ಲಿ ಕುರ್ಚಿ ಪೇರಿಸಿಟ್ಟಿದ್ದರೂ ಸರಿಯೇ.

ಕೊನೆಗೆ, ನೀವು ಕೇಳದೇ ಇದ್ದ ಒಂದು ಮಾತು. ಆ ಹಳ್ಳಿಯಲ್ಲಿ ಮನೆ ಕೊಳ್ಳುತ್ತೇವೆ ಎಂದಿರಿ. ಚಾನ್ಸಲ್ ರಿಪೇರಿ ರೆಕ್ಟರನ ತಲೆಗೆ ಎಂದೆನಲ್ಲ, ಆ ಹೊರೆ ಇನ್ನೂ ಪೂರ್ತಿ ಸತ್ತಿಲ್ಲ. ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಅವುಗಳ ಜಮೀನು, ಹಕ್ಕು ಎಲ್ಲ ಖಾಸಗಿಯವರ ಕೈಗೆ ಹೋದವು. ಹಕ್ಕಿನ ಜೊತೆ ರಿಪೇರಿಯ ಹೊಣೆಯೂ ಹೋಯಿತು. ವಾರಿಕ್‌ಶೈರಿನ ಆ್ಯಸ್ಟನ್ ಕ್ಯಾಂಟ್ಲೋ ಎಂಬಲ್ಲಿ ಇಂಥ ಜಮೀನಿನ ಒಡೆಯರಾಗಿದ್ದ ದಂಪತಿ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿದರು. 2003ರಲ್ಲಿ, ಆಗ ದೇಶದ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಸೋತರು. ಚಾನ್ಸಲ್ ರಿಪೇರಿಗೆ ಅವರ ಮೇಲೆ ಬಿದ್ದ ಬಿಲ್ಲು ಸುಮಾರು 1,87,000 ಪೌಂಡ್, ತೆರಿಗೆ ಬೇರೆ. 2013ರ ಅಕ್ಟೋಬರ್ 13ರಿಂದ ನಿಯಮ ಸಡಿಲವಾಗಿದೆ. ಆ ದಿನದಿಂದ ಈಚೆಗೆ ದುಡ್ಡು ಕೊಟ್ಟು ಜಾಗ ಕೊಂಡವರನ್ನು ಹಿಡಿಯಬೇಕಾದರೆ, ಹೊಣೆ ಭೂ ದಾಖಲೆಯಲ್ಲಿ ಮೊದಲೇ ನೋಂದಣಿ ಆಗಿರಬೇಕು. ಗಾಬರಿ ಬೇಡ. ನಿಮ್ಮ ಸಾಲಿಸಿಟರ್‌ಗೆ ಚಾನ್ಸಲ್ ಸರ್ಚ್, ಅಂದರೆ ಆ ಜಾಗದ ಮೇಲೆ ಈ ಹೊಣೆ ಇದೆಯೇ ಎನ್ನುವ ಹುಡುಕಾಟ, ಮಾಡಿಸಿ ಎಂದು ಹೇಳಿ. ಮನೆಯ ಬೆಲೆಯ ಮುಂದೆ ಅದರ ಖರ್ಚು ಏನೇನೂ ಅಲ್ಲ. ಸೊಟ್ಟ ಚಾನ್ಸಲ್ ನೋಡುವುದಕ್ಕೆ ಚಂದ, ಅದರ ಚಾವಣಿಯ ಬಿಲ್ಲು ನಿಮ್ಮ ಹೆಸರಿಗೆ ಬರುವುದು ಬೇಡ.